ಮೊಲೋನಿ ವೈರಸ್ಸಿನ ಮಿತವ್ಯಯ



ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯ ಹೆಸರು ಹಳ್ಳಿಯ ಜಗಲಿಕಟ್ಟೆಯ ಮಾತಿಗೂ ಬಂದುಬಿಟ್ಟಿತು. ಮೂಗಿಗೆ ಕಡ್ಡಿ ಹಾಕಿಸಿಕೊಂಡು ವರದಿಗಾಗಿ ಕಾದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಆ ಪರೀಕ್ಷೆಯ ಮೊದಲ ಹೆಜ್ಜೆ, ವೈರಸ್ಸಿನ ಆರ್‌ಎನ್‌ಎಯನ್ನು ಓದಿ ಅದಕ್ಕೆ ಹೊಂದುವ ಡಿಎನ್‌ಎಯನ್ನು ಬರೆದುಕೊಳ್ಳುವುದು. ಅದನ್ನು ಮಾಡುವ ಕಿಣ್ವದ ಮೂಲ, ಅನೇಕ ಕಿಟ್‌ಗಳಲ್ಲಿ, ಇಲಿಗಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್. 1960ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜಾನ್ ಮೊಲೋನಿ ಅದನ್ನು ಇಲಿಯ ಗೆಡ್ಡೆಯೊಂದರಿಂದ ಬೇರ್ಪಡಿಸಿ ವಿವರಿಸಿದರು. ಮೊಲೋನಿ ಇಲಿ ಲ್ಯುಕೀಮಿಯಾ ವೈರಸ್ ಎಂದು ಅದರ ಹೆಸರು. ಇಂದು ನಾನು ಮಾತಾಡುವುದು ಮುಖ್ಯವಾಗಿ ಅದರ ಬಗ್ಗೆ.

ರೆಟ್ರೋವೈರಸ್ ಎಂದಕೂಡಲೆ ಎಲ್ಲರಿಗೂ ನೆನಪಾಗುವುದು ಎಚ್‌ಐವಿ. ಆದರೆ ಅದು ಈ ಕುಲದ ಸಂಕೀರ್ಣ ಸದಸ್ಯ. ಕುಲಕ್ಕೆಲ್ಲ ಸಾಮಾನ್ಯವಾದ ಜೀನ್‌ಗಳ ಜೊತೆಗೆ ಅದರಲ್ಲಿ ಇನ್ನೂ ಆರು ಇವೆ. ಅವುಗಳ ಕಾರುಬಾರಿನಲ್ಲಿ ಮೂಲ ಕೆಲಸವೇ ಮರೆಯಾಗಿಬಿಡುತ್ತದೆ. ಮೊಲೋನಿ ವೈರಸ್‌ಗೆ ಇರುವುದು ಗ್ಯಾಗ್, ಪ್ರೋ, ಪೋಲ್, ಎನ್ವ್ ಎಂಬ ಕುಲಸಾಮಾನ್ಯ ಜೀನ್‌ಗಳು, ಇದೇ ಅನುಕ್ರಮದಲ್ಲಿ. ಒಟ್ಟು ಜೀನೋಮ್ 8,332 ಅಕ್ಷರ. ಇಷ್ಟು ಸಣ್ಣ ಬಂಡವಾಳದಲ್ಲಿ ಅದು ಬಾಳುವೆ ಮಾಡುವುದು ಹೇಗೆ? ಜೀವಕೋಶದಿಂದ ದೊರೆಯುವ ಯಾವುದನ್ನೂ ಅದು ತಾನಾಗಿ ತಯಾರಿಸುವುದಿಲ್ಲ. ಕೋಶದಿಂದ ಆಗದ ಮೂರು ಕೆಲಸಗಳಿಗೆ ಮಾತ್ರ ಮೂರು ಕಿಣ್ವಗಳನ್ನು ಇಟ್ಟುಕೊಂಡಿದೆ. ಅದರಿಂದಾಗುವ ಅಪಾಯ, ಅದರಿಂದ ವೈದ್ಯಕ್ಕೆ ಆದ ಉಪಕಾರ, ಎರಡೂ ಈ ಮಿತವ್ಯಯದಿಂದಲೇ ಹುಟ್ಟಿದವು ಎಂಬುದು ನನ್ನ ವಾದ.

ಇತಿಹಾಸವನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾಗದು. ಈ ವೈರಸ್‌ಗಳು ಮೊದಲು ಸಿಕ್ಕಿದ್ದು ಕೋಳಿಗಳಲ್ಲಿ. 1908ರಲ್ಲಿ ಕೋಪನ್‌ಹೇಗನ್‌ನ ಎಲ್ಲರ್‌ಮನ್ ಮತ್ತು ಬಾಂಗ್ ಕೋಳಿಯ ರಕ್ತದ ಕ್ಯಾನ್ಸರನ್ನು ಜೀವಕೋಶಗಳಿಲ್ಲದ ಸೋಸಿದ ದ್ರವದಿಂದ ಬೇರೆ ಕೋಳಿಗೆ ಹರಡಿಸಿದರು. ಆಗ ಲ್ಯುಕೀಮಿಯಾವನ್ನು ಕ್ಯಾನ್ಸರ್ ಎಂದು ಎಣಿಸುತ್ತಿರಲಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೂರು ವರ್ಷಗಳ ನಂತರ, 1911ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಪೇಟನ್ ರೌಸ್ ಪ್ಲಿಮತ್ ರಾಕ್ ತಳಿಯ ಕೋಳಿಯ ಘನ ಗೆಡ್ಡೆಯನ್ನು ಅರೆದು, ಸೋಸಿ, ಆ ರಸದಿಂದಲೇ ಹೊಸ ಗೆಡ್ಡೆ ಬೆಳೆಸಿ ತೋರಿಸಿದರು. ಇದನ್ನೂ ಹೆಚ್ಚು ಜನ ನಂಬಲಿಲ್ಲ. ಕೋಳಿಯಲ್ಲಿ ಆದದ್ದು ಸಸ್ತನಿಯಲ್ಲಿ ಆಗಬೇಕೆಂದೇನಿಲ್ಲ ಎಂದರು. ರೌಸ್ ಬೇರೆ ವಿಷಯಕ್ಕೆ ಹೊರಳಿದರು. ನೊಬೆಲ್ ಪ್ರಶಸ್ತಿ ಬಂದದ್ದು 1966ರಲ್ಲಿ, ಅವರ 87ನೆಯ ವಯಸ್ಸಿಗೆ. ಆಯುಸ್ಸು ಗಟ್ಟಿಯಿದ್ದದ್ದರಿಂದ ಬಂತು ಎನ್ನಬೇಕು.

ಆ ನಡುವೆ ಎದ್ದ ಪ್ರಶ್ನೆಯೇ ನಮಗೆ ಮುಖ್ಯ. ರೌಸ್ ವೈರಸ್ಸಿನ ಜೀನೋಮ್ ಆರ್‌ಎನ್‌ಎ. ಕೋಶದಲ್ಲಿ ಆರ್‌ಎನ್‌ಎಗೆ ಆಯುಸ್ಸು ಕಡಿಮೆ. ಹಾಗಿರುವಾಗ ಸೋಂಕಾದ ಕೋಶ ವಿಭಜನೆಯಾದ ಮೇಲೂ ಮರಿಕೋಶಗಳು, ಅವುಗಳ ಮರಿಗಳು, ಎಲ್ಲವೂ ಕ್ಯಾನ್ಸರಿನ ಗುಣ ಉಳಿಸಿಕೊಳ್ಳುವುದು ಹೇಗೆ? ವಿಸ್ಕಾನ್‌ಸಿನ್ ವಿಶ್ವವಿದ್ಯಾಲಯದ ಹೋವರ್ಡ್ ಟೆಮಿನ್ ಇದಕ್ಕೆ 1964ರಲ್ಲಿ ಕೊಟ್ಟ ಉತ್ತರ ನೇರವಾಗಿತ್ತು: ವೈರಸ್ಸಿನ ಆರ್‌ಎನ್‌ಎ ಡಿಎನ್‌ಎ ಆಗಿ ಬದಲಾಗಿ ಕೋಶದಲ್ಲಿ ನೆಲೆಯೂರುತ್ತದೆ. ಆ ಡಿಎನ್‌ಎ ರೂಪವನ್ನು ಅವರು ಪ್ರೋವೈರಸ್ ಎಂದು ಕರೆದರು. ಆಕ್ಟಿನೋಮೈಸಿನ್-ಡಿ ಎಂಬ ಔಷಧ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವುದನ್ನು ತಡೆಯುತ್ತದೆ. ಆರ್‌ಎನ್‌ಎಯಿಂದಲೇ ಆರ್‌ಎನ್‌ಎ ನಕಲಿಸಿಕೊಳ್ಳುವ ವೈರಸ್‌ಗಳಿಗೆ ಅದರಿಂದ ಅಡ್ಡಿಯಾಗದು. ರೌಸ್ ವೈರಸ್ಸಿನ ಸಂತಾನ ಮಾತ್ರ ಅದರ ಮುಂದೆ ನಿಂತುಹೋಗುತ್ತಿತ್ತು. ಟೆಮಿನ್‌ಗೆ ಅದೇ ಸಾಕ್ಷಿ. ಮಿಕ್ಕವರಿಗೆ ಸಾಲದು. ಆರು ವರ್ಷ ಅವರ ಮಾತನ್ನು ಸಭೆಗಳಲ್ಲಿ ಜನ ಕೇಳಿ ಸುಮ್ಮನಾಗುತ್ತಿದ್ದರು.

1970ರಲ್ಲಿ ಟೆಮಿನ್ ಮತ್ತು ಸತೋಶಿ ಮಿಜುತಾನಿ ರೌಸ್ ವೈರಸ್ಸಿನಲ್ಲಿ, ಎಂಐಟಿಯ ಡೇವಿಡ್ ಬಾಲ್ಟಿಮೋರ್ ಮುಖ್ಯವಾಗಿ ರೌಷರ್ ಇಲಿ ಲ್ಯುಕೀಮಿಯಾ ವೈರಸ್ಸಿನಲ್ಲಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಒಂದೇ ಪ್ರಯೋಗ ಮಾಡಿದರು. ಕೋಶಗಳ ಗೊಡವೆಗೇ ಹೋಗದೆ ಶುದ್ಧೀಕರಿಸಿದ ವೈರಸ್ ಕಣಗಳನ್ನು ತೆಗೆದುಕೊಂಡರು. ಅವುಗಳ ಹೊರಪೊರೆಯನ್ನು ಮಾರ್ಜಕದಿಂದ ಸಡಿಲಿಸಿ ಡಿಎನ್‌ಎಯ ನಾಲ್ಕು ಬಿಡಿಭಾಗಗಳನ್ನು ಕೊಟ್ಟರು. ಒಂದು ಬಿಡಿಭಾಗ ವಿಕಿರಣಶೀಲ. ಡಿಎನ್‌ಎ ತಯಾರಾಯಿತು. ಮೊದಲೇ ಆರ್‌ಎನ್‌ಎ ನಾಶಕ ಕಿಣ್ವ ಹಾಕಿದ್ದಾಗ ಆಗಲಿಲ್ಲ. ಅಂದರೆ ಅಚ್ಚು ಆರ್‌ಎನ್‌ಎಯೇ, ನಕಲಿಸುವ ಕಿಣ್ವವೂ ಕಣದೊಳಗೇ ಇದೆ. ಎರಡು ಪ್ರಬಂಧಗಳೂ ಜೂನ್ 27ರ ‘ನೇಚರ್’ ಸಂಚಿಕೆಯಲ್ಲಿ ಒಟ್ಟಿಗೇ ಬಂದವು. 1975ರಲ್ಲಿ ಇಬ್ಬರಿಗೂ, ರೆನಾಟೋ ಡುಲ್ಬೆಕೋ ಅವರ ಜೊತೆ, ನೊಬೆಲ್. ಜೀವಶಾಸ್ತ್ರದಲ್ಲಿ ಇಷ್ಟು ಸರಳ ಪ್ರಯೋಗ ಇಷ್ಟು ದೊಡ್ಡ ಮಾತು ಹೇಳಿದ್ದು ವಿರಳ. ಮಾಡಲು ಬೇಕಿದ್ದದ್ದು ಕಿಣ್ವವನ್ನು ಕೋಶದಲ್ಲಿ ಹುಡುಕದೆ ವೈರಸ್ಸಿನಲ್ಲಿ ಹುಡುಕುವ ಬುದ್ಧಿ.

ಈಗ ಕಣದ ರಚನೆಗೆ ಬರೋಣ. ಒಂದು ಮೊಲೋನಿ ಕಣದ ವ್ಯಾಸ ಸುಮಾರು 100 ನ್ಯಾನೋಮೀಟರ್. ಹೊರಗಿನ ಮೇದಸ್ಸಿನ ಪೊರೆ ಅದು ಹುಟ್ಟಿದ ಕೋಶದ ಪೊರೆಯದೇ ತುಂಡು. ಅದರಲ್ಲಿ ಚಾಚಿಕೊಂಡಿರುವ ಎನ್ವ್ ಪ್ರೋಟೀನ್‌ಗೆ ಎರಡು ಭಾಗ. ಹೊರಭಾಗ ಕೋಶವನ್ನು ಹಿಡಿಯುತ್ತದೆ, ಪೊರೆಯಲ್ಲಿ ನೆಟ್ಟ ಭಾಗ ಎರಡು ಪೊರೆಗಳನ್ನು ಬೆಸೆಯುತ್ತದೆ. ಪೊರೆಯ ಒಳಮೈಗೆ ಮ್ಯಾಟ್ರಿಕ್ಸ್ ಪ್ರೋಟೀನ್ ಅಂಟಿಕೊಂಡಿದೆ. ಅದರೊಳಗೆ ಕ್ಯಾಪ್ಸಿಡ್ ಚಿಪ್ಪು. ಚಿಪ್ಪಿನೊಳಗೆ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನ್ ಸುತ್ತಿಕೊಂಡ ಆರ್‌ಎನ್‌ಎ, ಒಂದಲ್ಲ ಎರಡು ಪ್ರತಿ, ಜೊತೆಗೆ ಕಿಣ್ವಗಳು. ಮ್ಯಾಟ್ರಿಕ್ಸ್, ಪಿ12 ಎಂಬ ಪುಟ್ಟ ಪ್ರೋಟೀನ್, ಕ್ಯಾಪ್ಸಿಡ್, ನ್ಯೂಕ್ಲಿಯೋಕ್ಯಾಪ್ಸಿಡ್ – ಈ ನಾಲ್ಕೂ ಒಂದೇ ಗ್ಯಾಗ್ ಪ್ರೋಟೀನನ್ನು ಕತ್ತರಿಸಿದಾಗ ಬರುವ ತುಂಡುಗಳು. ಪೋಲ್‌ನಿಂದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಮತ್ತು ಇಂಟಿಗ್ರೇಸ್, ಪ್ರೋದಿಂದ ಕತ್ತರಿಸುವ ಪ್ರೋಟಿಯೇಸ್.

ಕೋಶದ ಬಾಗಿಲು ಯಾವುದು ಎಂದು 1989ರಲ್ಲಿ ಗೊತ್ತಾಯಿತು. ಅದು ಇಲಿಯ ಕೋಶಪೊರೆಯಲ್ಲಿರುವ ಒಂದು ಪ್ರೋಟೀನ್. ಆರ್ಜಿನೀನ್, ಲೈಸೀನ್‌ನಂಥ ಅಮೈನೋ ಆಮ್ಲಗಳನ್ನು ಒಳಗೆ ಸಾಗಿಸುವುದು ಅದರ ದಿನನಿತ್ಯದ ಕೆಲಸ ಎಂಬುದು ಮತ್ತೆರಡು ವರ್ಷಕ್ಕೆ ತಿಳಿಯಿತು. ಯಾವ ಕೋಶವೂ ಕೈಬಿಡಲಾಗದ ಸೌಲಭ್ಯವನ್ನೇ ವೈರಸ್ ಆರಿಸಿಕೊಂಡಿದೆ. ನಮ್ಮ ಕೋಶಗಳಲ್ಲೂ ಇದೇ ಸಾಗಣೆಯ ಪ್ರೋಟೀನ್ ಇದೆ. ಆದರೆ ವೈರಸ್ ಹಿಡಿಯುವ ಜಾಗದಲ್ಲಿ ಕೆಲವೇ ಅಮೈನೋ ಆಮ್ಲಗಳು ಬೇರೆ. ಮೊಲೋನಿ ವೈರಸ್ ಮನುಷ್ಯರಿಗೆ ಅಂಟದಿರುವುದಕ್ಕೆ ಆ ಅಲ್ಪ ವ್ಯತ್ಯಾಸವೇ ದೊಡ್ಡ ಕಾರಣ.

ಪೊರೆಗಳು ಬೆಸೆದು ಕ್ಯಾಪ್ಸಿಡ್ ಒಳಬಂದ ಮೇಲೆ ವಿಚಿತ್ರವೊಂದು ನಡೆಯುತ್ತದೆ. ವೈರಸ್ಸಿನ ಆರ್‌ಎನ್‌ಎ ಕೋಶದ ಸಂದೇಶ ಆರ್‌ಎನ್‌ಎಯಂತೆಯೇ ಇದೆ. ಮುಂದುಗಡೆ ಟೋಪಿ ಇದೆ, ಹಿಂದುಗಡೆ ಎ ಅಕ್ಷರಗಳ ಬಾಲವಿದೆ. ಪೋಲಿಯೋ ವೈರಸ್ ಆಗಿದ್ದರೆ ಒಳಬಂದ ಆರ್‌ಎನ್‌ಎಯನ್ನು ಅಲ್ಲೇ ರೈಬೋಸೋಮಿಗೆ ಓದಿಸಿ ಪ್ರೋಟೀನ್ ಮಾಡಿಸಿಕೊಳ್ಳುತ್ತಿತ್ತು. ರೆಟ್ರೋವೈರಸ್ ಹಾಗೆ ಮಾಡುವುದಿಲ್ಲ. ಅದು ಆರ್‌ಎನ್‌ಎಯನ್ನು ಬಳಸುವುದು ಡಿಎನ್‌ಎಗೆ ಅಚ್ಚಾಗಿ ಮಾತ್ರ, ಬಳಸುತ್ತಲೇ ಅದನ್ನು ನಾಶ ಮಾಡುತ್ತದೆ.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಇಡೀ ಕತೆಯ ಜಾಣತನ ಇರುವುದು ಇಲ್ಲಿ. ವೈರಸ್‌ಗೆ ಎರಡು ತೊಡಕು. ಮೊದಲನೆಯದು ತುದಿಯದು. ಯಾವ ಡಿಎನ್‌ಎ ಪಾಲಿಮರೇಸ್ ಕೂಡ ಖಾಲಿ ಜಾಗದಲ್ಲಿ ಬರೆಯಲು ತೊಡಗದು, ಅದಕ್ಕೆ ಹಿಡಿದು ಮುಂದುವರಿಸಲು ಒಂದು ಚೂರು ಬೇಕು. ಹಗ್ಗ ಹೊಸೆಯುವವನು ತನ್ನ ಕೈಯಲ್ಲಿ ಹಿಡಿದ ತುದಿಯನ್ನು ಹೊಸೆಯಲಾರ. ಹಾಗೆಯೇ ಆ ಚೂರು ಕೂತ ಜಾಗ ಪ್ರತಿ ಬಾರಿ ನಕಲಿನಿಂದ ತಪ್ಪಿಹೋಗಬೇಕು. ಎರಡನೆಯ ತೊಡಕು ಇನ್ನೂ ಗಂಭೀರ. ಪ್ರೋವೈರಸ್ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಿಸಲು ಕೋಶದ ಯಂತ್ರಕ್ಕೆ ‘ಇಲ್ಲಿಂದ ಆರಂಭಿಸು’ ಎಂದು ಹೇಳುವ ಪ್ರೊಮೋಟರ್ ಬೇಕು. ಯಂತ್ರ ಬರೆಯತೊಡಗುವುದು ಆ ಸೂಚನೆಯ ನಂತರ, ಆದ್ದರಿಂದ ಸೂಚನೆ ಆರ್‌ಎನ್‌ಎಯ ಮುಂಭಾಗದಲ್ಲಿ ಇರುವುದೇ ಇಲ್ಲ. ಹಾಗಾದರೆ ಮುಂದಿನ ಪೀಳಿಗೆಗೆ ಅದು ದಾಟುವುದು ಹೇಗೆ?

ಆರ್‌ಎನ್‌ಎಯ ಎರಡೂ ತುದಿಗಳಲ್ಲಿ 68 ಅಕ್ಷರಗಳ ಒಂದೇ ಸಾಲು ಇದೆ, ಅದನ್ನು ಆರ್ ಎನ್ನೋಣ. ಮುಂದಿನ ಆರ್ ಆದ ಮೇಲೆ ಯು5 ಎಂಬ ತುಂಡು. ಹಿಂದಿನ ಆರ್‌ಗೆ ಮೊದಲು ಯು3 ಎಂಬ ತುಂಡು. ಪ್ರೊಮೋಟರ್ ಇರುವುದು ಈ ಯು3ಯಲ್ಲಿ, ಅಂದರೆ ಆರ್‌ಎನ್‌ಎಯ ಹಿಂದುಗಡೆ. ಮುಂದಿನ ಯು5 ಮುಗಿದ ಕೂಡಲೆ 18 ಅಕ್ಷರಗಳ ಒಂದು ಜಾಗವಿದೆ. ಅಲ್ಲಿ ಕೋಶದ್ದೇ ಒಂದು ಟಿಆರ್‌ಎನ್‌ಎ ಜೋಡಿಯಾಗಿ ಕೂತಿರುತ್ತದೆ. ಮೊಲೋನಿ ವೈರಸ್ಸಿಗೆ ಅದು ಪ್ರೋಲೀನ್ ಒಯ್ಯುವ ಟಿಆರ್‌ಎನ್‌ಎ, ರೌಸ್ ವೈರಸ್ಸಿಗೆ ಟ್ರಿಪ್ಟೋಫಾನ್‌ನದು, ಎಚ್‌ಐವಿಗೆ ಲೈಸೀನ್‌ನದು. ಪ್ರೋಟೀನ್ ಹೆಣೆಯಲು ಕೋಶ ಮಾಡಿಟ್ಟುಕೊಂಡದ್ದನ್ನು ವೈರಸ್ ಬರೆಹದ ಆರಂಭದ ಚೂರಾಗಿ ಬಳಸಿಕೊಂಡಿತು.

ಟಿಆರ್‌ಎನ್‌ಎಯಿಂದ ಹೊರಟ ಕಿಣ್ವ ಯು5, ಆರ್ ಎರಡನ್ನೂ ನಕಲಿಸಿ, ಸುಮಾರು 145 ಅಕ್ಷರಕ್ಕೆ, ಆರ್‌ಎನ್‌ಎಯ ಮುಂತುದಿ ತಲುಪಿಬಿಡುತ್ತದೆ. ಮುಂದೆ ದಾರಿಯಿಲ್ಲ. ಆಗ ಅದೇ ಕಿಣ್ವದ ಇನ್ನೊಂದು ಭಾಗ ನಕಲಾದ ಆರ್‌ಎನ್‌ಎಯನ್ನು ಕತ್ತರಿಸಿಹಾಕುತ್ತದೆ. ಬರಿದಾದ ಹೊಸ ಡಿಎನ್‌ಎಯ ಆರ್ ಭಾಗ ಆರ್‌ಎನ್‌ಎಯ ಹಿಂತುದಿಯ ಆರ್ ಜೊತೆ ಜೋಡಿಯಾಗುತ್ತದೆ. ಇದು ಮೊದಲ ಜಿಗಿತ. ಅಲ್ಲಿಂದ ಯು3, ಎನ್ವ್, ಪೋಲ್, ಗ್ಯಾಗ್ ಎಲ್ಲವನ್ನೂ ನಕಲಿಸುತ್ತ ಕಿಣ್ವ ಮುಂದಿನ 18 ಅಕ್ಷರಗಳ ಜಾಗಕ್ಕೆ ಬರುತ್ತದೆ. ಬೆನ್ನಹಿಂದೆ ಆರ್‌ಎನ್‌ಎ ಕರಗುತ್ತಿರುತ್ತದೆ. ಯು3ಗೆ ಮುಂಚೆ ಇರುವ ಎ, ಜಿಗಳೇ ತುಂಬಿದ 13 ಅಕ್ಷರಗಳ ಚೂರು ಮಾತ್ರ ಆ ಕತ್ತರಿಗೆ ಜಗ್ಗದೆ ಉಳಿಯುತ್ತದೆ. ಎರಡನೆಯ ಎಳೆ ಅಲ್ಲಿಂದ ಶುರು. ಅದು ಯು3, ಆರ್, ಯು5 ಬರೆದು, ಇನ್ನೂ ಅಂಟಿಕೊಂಡಿರುವ ಟಿಆರ್‌ಎನ್‌ಎಯ ತುದಿಯ 18 ಅಕ್ಷರವನ್ನೂ ನಕಲಿಸುತ್ತದೆ. ಟಿಆರ್‌ಎನ್‌ಎಯನ್ನು ಕಿತ್ತೆಸೆದ ಮೇಲೆ ಈ 18 ಅಕ್ಷರ ಮೊದಲ ಎಳೆಯ ಕೊನೆಯ 18ರೊಡನೆ ಜೋಡಿಯಾಗುತ್ತದೆ. ಇದು ಎರಡನೆಯ ಜಿಗಿತ. ಆ ಬಳಿಕ ಎರಡೂ ಎಳೆಗಳು ಒಂದನ್ನೊಂದು ನೋಡಿಕೊಂಡು ಪೂರ್ತಿಯಾಗುತ್ತವೆ. ಬಣ್ಣದ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮೇಲೆ ತೋರಿಸಿದರೂ ವಿದ್ಯಾರ್ಥಿಗಳು ಈ ಎರಡನೆಯ ಜಿಗಿತದ ಬಳಿ ಪೆನ್ನು ಕೆಳಗಿಡುತ್ತಾರೆ. ಅವರ ಮೇಲೆ ತಪ್ಪಿಲ್ಲ. ಎಲಿ ಗಿಲ್ಬೋವಾ, ಬಾಲ್ಟಿಮೋರ್ ಮತ್ತು ಸಂಗಡಿಗರು ಈ ಲೆಕ್ಕವನ್ನು ವಿವರವಾಗಿ ಪ್ರಕಟಿಸಿದ್ದು 1979ರಲ್ಲಿ, ಕಿಣ್ವ ಸಿಕ್ಕಿ ಒಂಬತ್ತು ವರ್ಷಗಳಾದ ಮೇಲೆ.

ಫಲಿತಾಂಶ ನೋಡಿ. ಎರಡೂ ತುದಿಗಳಲ್ಲಿ ಯು3, ಆರ್, ಯು5 ಮೂರೂ ಸೇರಿದ ಸುಮಾರು 600 ಅಕ್ಷರಗಳ ಒಂದೇ ಸಾಲು. ಹಿಂದುಗಡೆ ಇದ್ದ ಪ್ರೊಮೋಟರಿನ ಪ್ರತಿ ಮುಂದುಗಡೆಗೂ ಬಂತು. 8,332 ಅಕ್ಷರದ ಆರ್‌ಎನ್‌ಎಯಿಂದ 8,800ಕ್ಕೂ ಹೆಚ್ಚು ಅಕ್ಷರದ ಡಿಎನ್‌ಎ ಆಯಿತು. ನಕಲು ಮೂಲಕ್ಕಿಂತ ಉದ್ದ! ತುದಿ ನಷ್ಟವಾಗುವ ಭಯವಿದ್ದಲ್ಲಿ ತುದಿಯೇ ಇಮ್ಮಡಿಯಾಗಿದೆ. ತಪ್ಪು ತಿದ್ದುವ ಸಾಮರ್ಥ್ಯ ಮಾತ್ರ ಈ ಕಿಣ್ವಕ್ಕಿಲ್ಲ. ಕಣದಲ್ಲಿ ಆರ್‌ಎನ್‌ಎಯ ಎರಡು ಪ್ರತಿಗಳಿರುವುದರಿಂದ ನಡುವೆ ಒಂದರಿಂದ ಇನ್ನೊಂದಕ್ಕೆ ಹಾರುತ್ತ, ಎರಡರ ಗುಣಗಳನ್ನು ಬೆರೆಸುತ್ತ ಸಾಗುತ್ತದೆ. ರೆಟ್ರೋವೈರಸ್‌ಗಳ ಬಹುರೂಪಕ್ಕೆ ಈ ಎರಡೂ ಕಾರಣ.

ಮುಂದಿನ ಹಂತ, ಕೋಶಕೇಂದ್ರ ಪ್ರವೇಶ. ಎಚ್‌ಐವಿ ವಿಭಜನೆಯಾಗದ ಕೋಶದ ಕೇಂದ್ರಕ್ಕೂ ನುಗ್ಗಬಲ್ಲದು. ಮೊಲೋನಿ ವೈರಸ್ಸಿಗೆ ಆ ಕಸುಬು ಬಾರದು. ಕೋಶ ವಿಭಜನೆಗೆ ತೊಡಗಿ ಕೇಂದ್ರದ ಪೊರೆ ಕಳಚುವವರೆಗೆ ಅದು ಕಾಯುತ್ತದೆ. ಪೊರೆ ಕಳಚಿದಾಗ ಪಿ12 ಪ್ರೋಟೀನ್ ವೈರಸ್ ಡಿಎನ್‌ಎಯನ್ನು ವರ್ಣತಂತುಗಳಿಗೆ ಕಟ್ಟಿಹಾಕುತ್ತದೆ, ಪೊರೆ ಮತ್ತೆ ಮುಚ್ಚಿಕೊಂಡಾಗ ಅದು ಒಳಗೇ ಉಳಿಯುತ್ತದೆ. ಬಾಗಿಲು ಒಡೆಯುವ ಖರ್ಚೂ ಉಳಿಯಿತು.

ಆಮೇಲೆ ಇಂಟಿಗ್ರೇಸ್ ವೈರಸ್ ಡಿಎನ್‌ಎಯ ಎರಡೂ ತುದಿಗಳಿಂದ ಎರಡೆರಡು ಅಕ್ಷರ ತೆಗೆದು, ಕೋಶದ ಡಿಎನ್‌ಎಯನ್ನು ಸೀಳಿ, ಅಲ್ಲಿ ಸೇರಿಸುತ್ತದೆ. ಉಳಿದ ಬಿರುಕುಗಳನ್ನು ಮುಚ್ಚುವವರು ಕೋಶದ ದುರಸ್ತಿ ಕಿಣ್ವಗಳು. ಆ ದುರಸ್ತಿಯ ಗುರುತಾಗಿ ಪ್ರೋವೈರಸ್ಸಿನ ಎರಡೂ ಬದಿಯಲ್ಲಿ ಕೋಶದ ನಾಲ್ಕು ಅಕ್ಷರ ಎರಡು ಬಾರಿ ಬರುತ್ತದೆ. ಜಾಗದ ಆಯ್ಕೆ ಮನಬಂದಂತೆ ಎಂದು ಬಹುಕಾಲ ತಿಳಿದಿದ್ದರು. ಹಾಗಲ್ಲ ಎಂದು 2003ರಲ್ಲಿ ಮಾನವ ಜೀನೋಮ್ ನಕ್ಷೆಯ ಬಲದಿಂದ ತಿಳಿಯಿತು. ಜೀನ್‌ಗಳು ಓದಲ್ಪಡತೊಡಗುವ ಜಾಗದ ಆಸುಪಾಸೇ ಈ ವೈರಸ್ಸಿಗೆ ಇಷ್ಟ. ಕೋಶದ ಬಿಆರ್‌ಡಿ ಪ್ರೋಟೀನ್‌ಗಳು ಚಟುವಟಿಕೆಯ ಜೀನ್‌ಗಳ ಬಳಿ ನಿಂತಿರುತ್ತವೆ, ಇಂಟಿಗ್ರೇಸ್ ಅವುಗಳ ಕೈಹಿಡಿದು ಅಲ್ಲಿಗೆ ತಲುಪುತ್ತದೆ. ಈ ಆಯ್ಕೆಯನ್ನು ನೆನಪಿಡಿ.

ಇನ್ನು ವೈರಸ್ಸಿನ ಕಿಣ್ವಗಳಿಗೆ ಸ್ವಲ್ಪ ಬಿಡುವು. ಪ್ರೋವೈರಸ್ಸನ್ನು ಕೋಶ ತನ್ನದೇ ಜೀನ್ ಎಂಬಂತೆ ಓದುತ್ತದೆ. ಸಿಗುವುದು ಒಂದೇ ಬಗೆಯ ಉದ್ದ ಆರ್‌ಎನ್‌ಎ. ಅದರಲ್ಲಿ ಒಂದು ಪಾಲನ್ನು ಕೋಶದ ಕತ್ತರಿ ಮೊಟಕುಗೊಳಿಸುತ್ತದೆ. ಮೊಟಕಾದದ್ದರಿಂದ ಎನ್ವ್ ಪ್ರೋಟೀನ್, ಉದ್ದದ್ದರಿಂದ ಗ್ಯಾಗ್ ಮತ್ತು ಪೋಲ್. ಮೊಟಕಾಗದ ಆರ್‌ಎನ್‌ಎಯನ್ನು ಕೇಂದ್ರದಿಂದ ಹೊರಗೆ ಬಿಡುವುದು ಕೋಶಕ್ಕೆ ಸಾಮಾನ್ಯವಾಗಿ ಒಗ್ಗದ ಮಾತು. ಎಚ್‌ಐವಿ ಅದಕ್ಕೆಂದೇ ರೆವ್ ಎಂಬ ಪ್ರೋಟೀನ್ ಇಟ್ಟುಕೊಂಡಿದೆ. ಮೇಸನ್-ಫೈಜರ್ ಕೋತಿ ವೈರಸ್‌ನಂಥ ಸರಳ ವೈರಸ್ಸಿನ ಆರ್‌ಎನ್‌ಎ, ಕೋಶದ ಸಂದೇಶಗಳನ್ನು ಹೊರಗೊಯ್ಯುವ ಪ್ರೋಟೀನನ್ನೇ ತನ್ನ ಒಂದು ಮಡಿಕೆಯಿಂದ ಹಿಡಿದು ಹೊರಬೀಳುತ್ತದೆ.

ಗ್ಯಾಗ್ ಮುಗಿಯುವಲ್ಲಿ ‘ನಿಲ್ಲು’ ಎಂಬ ಸಂಕೇತವಿದೆ. ಅದರ ಮುಂದಿನ ಆರ್‌ಎನ್‌ಎ ಗಂಟಿನಂತೆ ಮಡಿಚಿಕೊಂಡಿರುವುದರಿಂದ, ನೂರರಲ್ಲಿ ಐದರಿಂದ ಹತ್ತು ರೈಬೋಸೋಮ್‌ಗಳು ಅಲ್ಲಿ ನಿಲ್ಲದೆ ಒಂದು ಗ್ಲುಟಮೀನ್ ಸೇರಿಸಿ ಪೋಲ್ ಕಡೆಗೆ ಓದಿಕೊಂಡು ಹೋಗುತ್ತವೆ. ಗೋಡೆಗೆ ಬೇಕಾದ ಗ್ಯಾಗ್ ಸಾವಿರಗಟ್ಟಲೆ, ಕಿಣ್ವಗಳು ಬೇಕಾದಷ್ಟೇ. ಪ್ರಮಾಣವನ್ನು ನಿಯಂತ್ರಿಸಲು ಪ್ರತ್ಯೇಕ ಪ್ರೊಮೋಟರಾಗಲಿ ಪ್ರೋಟೀನಾಗಲಿ ಇಲ್ಲ. ರೌಸ್ ವೈರಸ್ ಇದೇ ಗುರಿಗೆ ಬೇರೆ ಉಪಾಯ ಮಾಡುತ್ತದೆ: ರೈಬೋಸೋಮನ್ನು ಒಂದು ಅಕ್ಷರ ಹಿಂದಕ್ಕೆ ಜಾರಿಸುತ್ತದೆ.

ಗ್ಯಾಗ್ ಪ್ರೋಟೀನ್‌ನ ಮುಂತುದಿಗೆ ಕೋಶವೇ ಒಂದು ಮೇದಾಮ್ಲ ಅಂಟಿಸುತ್ತದೆ. ಅದರ ಸೆಳೆತಕ್ಕೆ ಗ್ಯಾಗ್‌ಗಳು ಕೋಶಪೊರೆಯ ಒಳಮೈಗೆ ಹೋಗಿ ಒತ್ತೊತ್ತಾಗಿ ಸೇರುತ್ತವೆ, ಪೊರೆ ಉಬ್ಬುತ್ತದೆ. ಬೇರೇನೂ ಇಲ್ಲದೆ ಗ್ಯಾಗ್ ಒಂದೇ ಇದ್ದರೂ ಖಾಲಿ ಕಣಗಳು ಮೊಳೆಯುತ್ತವೆ. ಆರ್‌ಎನ್‌ಎಯಲ್ಲಿರುವ ಸೈ ಎಂಬ ಗುರುತನ್ನು ನ್ಯೂಕ್ಲಿಯೋಕ್ಯಾಪ್ಸಿಡ್ ಭಾಗ ಹಿಡಿದು, ಕೋಶದ ಅಸಂಖ್ಯ ಆರ್‌ಎನ್‌ಎಗಳ ನಡುವಿನಿಂದ ತನ್ನದನ್ನು ಆರಿಸಿ ತುಂಬಿಕೊಳ್ಳುತ್ತದೆ. ಕೊನೆಯ ಕುತ್ತಿಗೆಯನ್ನು ಕತ್ತರಿಸಿ ಬಿಡುವುದು ಕೋಶವು ತನ್ನ ಒಳಚೀಲಗಳನ್ನು ಬೇರ್ಪಡಿಸಲು ಬಳಸುವ ಯಂತ್ರ. ಹೀಗೆ ಹೊರಬಂದ ಕಣ ಇನ್ನೂ ಸೋಂಕಲಾರದು. ಪ್ರೋಟಿಯೇಸ್ ಒಳಗೆ ಗ್ಯಾಗನ್ನು ತುಂಡರಿಸಿ ಕ್ಯಾಪ್ಸಿಡ್ ಚಿಪ್ಪು ಕಟ್ಟಿಕೊಂಡ ಮೇಲೆಯೇ ಅದು ಸಮರ್ಥ. ಕೋಶ ಇಷ್ಟಾದರೂ ಸಾಯುವುದಿಲ್ಲ. ಕಣಗಳನ್ನು ಹೊರಬಿಡುತ್ತಲೇ ಬದುಕಿ, ವಿಭಜನೆಯಾಗುತ್ತಿರುತ್ತದೆ.

ಹಾಗಾದರೆ ರೋಗ ಎಲ್ಲಿಂದ? ಮೊಲೋನಿ ವೈರಸ್ಸಿನಲ್ಲಿ ಕ್ಯಾನ್ಸರ್ ತರುವ ಜೀನ್ ಯಾವುದೂ ಇಲ್ಲ. ರೌಸ್ ವೈರಸ್ಸಿನಲ್ಲಿದೆ. ಸಾರ್ಕ್ ಎಂಬ ಆ ಜೀನ್ ಮೂಲತಃ ಕೋಳಿಯದೇ ಎಂದು 1976ರಲ್ಲಿ ಬಿಷಪ್, ವಾರ್ಮಸ್ ತಂಡ ತೋರಿಸಿತು, 1989ರ ನೊಬೆಲ್ ಆ ಇಬ್ಬರಿಗೆ ಬಂತು. ಅದೇ ಒಂದು ಪ್ರತ್ಯೇಕ ಉಪನ್ಯಾಸ. ಮೊಲೋನಿ ವೈರಸ್ ಆಗತಾನೆ ಹುಟ್ಟಿದ ಇಲಿಮರಿಗೆ ತಗುಲಿದರೆ ಕೆಲವು ತಿಂಗಳ ನಂತರ ಕ್ಯಾನ್ಸರ್ ಬರುತ್ತದೆ. ಕಾರಣ, ಎರಡು ಜಿಗಿತಗಳಿಂದ ಎರಡೂ ತುದಿಗೆ ಬಂದ ಆ ಯು3. ಅದರಲ್ಲಿ ಪ್ರೊಮೋಟರ್ ಜೊತೆಗೆ ನೆರೆಯ ಜೀನ್‌ಗಳನ್ನೂ ಹುರಿದುಂಬಿಸುವ ಎನ್‌ಹಾನ್ಸರ್ ಇದೆ. ಅಸಂಖ್ಯ ಕೋಶಗಳಲ್ಲಿ ಎಲ್ಲೋ ಒಂದರಲ್ಲಿ ಪ್ರೋವೈರಸ್ ಬೆಳವಣಿಗೆ ನಿಯಂತ್ರಿಸುವ ಜೀನ್‌ನ ಪಕ್ಕ ಕೂತರೆ ಸಾಕು. ಕೋಳಿಗಳಲ್ಲಿ ಮಿಕ್ ಎಂಬ ಜೀನ್ ಹೀಗೆ ಕೆರಳುವುದನ್ನು 1981ರಲ್ಲಿ ಕಂಡರು.

ಇದೇ ಮಾತು ಮನುಷ್ಯರಲ್ಲೂ ಕಾಡಿತು. ಗ್ಯಾಗ್, ಪೋಲ್, ಎನ್ವ್ ತೆಗೆದು ಅಲ್ಲಿ ಬೇಕಾದ ಜೀನ್ ಇಟ್ಟರೆ, ತುದಿಗಳೂ ಸೈ ಗುರುತೂ ಉಳಿದ ಮೊಲೋನಿ ವೈರಸ್ ಒಳ್ಳೆಯ ವಾಹಕ. ಸೋಂಕು ತಡೆಯುವ ಶಕ್ತಿಯಿಲ್ಲದೆ ಹುಟ್ಟಿದ ಗಂಡು ಮಕ್ಕಳ ಮೂಳೆಮಜ್ಜೆಯ ಕೋಶಗಳಿಗೆ ಪ್ಯಾರಿಸ್‌ನ ನೆಕ್ಕರ್ ಆಸ್ಪತ್ರೆಯಲ್ಲಿ ಮರೀನಾ ಕವಾಜಾನಾ, ಅಲೇನ್ ಫಿಶರ್ ತಂಡ ಇಂಥ ವಾಹಕದಿಂದ ಜೀನ್ ಕೊಟ್ಟು 2000ದಲ್ಲಿ ವರದಿ ಮಾಡಿತು. ಬಹುಪಾಲು ಮಕ್ಕಳು ಮನೆಗೆ ಹೋಗಿ ಎಲ್ಲರಂತೆ ಬೆಳೆದರು. ವಂಶವಾಹಿ ಚಿಕಿತ್ಸೆಯ ಮೊದಲ ನಿಜವಾದ ಗೆಲುವು ಅದು. ಎರಡು ಮೂರು ವರ್ಷಕ್ಕೆ ಇಬ್ಬರಿಗೆ ಲ್ಯುಕೀಮಿಯಾ ಬಂತು. ಇಬ್ಬರಲ್ಲೂ ವಾಹಕ ಎಲ್‌ಎಂಒ2 ಎಂಬ ಜೀನ್ ಬಳಿ ಕೂತಿತ್ತು. ಮುಂದೆ ಪ್ಯಾರಿಸ್‌ನಲ್ಲಿ ಮತ್ತಿಬ್ಬರಿಗೆ, ಲಂಡನ್ನಿನ ಇಂಥದೇ ಪ್ರಯೋಗದಲ್ಲಿ ಒಬ್ಬನಿಗೆ. ಪ್ಯಾರಿಸ್‌ನ ಒಂದು ಮಗು ತೀರಿಕೊಂಡಿತು. ಇದನ್ನು ಇಡೀ ವಿಧಾನದ ಸೋಲೆಂದು ಸಾರಿದವರಿದ್ದರು. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ವಾಹಕದಲ್ಲಿ ಉಳಿಸಿಕೊಂಡಿದ್ದ ಒಂದು ತುಂಡಿನ ಸ್ವಭಾವ ಅದು, ತುಂಡನ್ನು ತೆಗೆಯಬಹುದಿತ್ತು.

ತೆಗೆಯುವುದು ಹೇಗೆ ಎಂಬುದು ಜಿಗಿತಗಳ ಲೆಕ್ಕದಲ್ಲೇ ಇದೆ. ಮುಂದಿನ ಯು3ಯನ್ನು ಕತ್ತರಿಸಿದರೆ ಪ್ರಯೋಗಾಲಯದ ಕೋಶದಲ್ಲಿ ವಾಹಕದ ಆರ್‌ಎನ್‌ಎಯೇ ತಯಾರಾಗದು. ಆದ್ದರಿಂದ ಅದನ್ನು ಹಾಗೇ ಬಿಟ್ಟು ಹಿಂದಿನ ಯು3ಯಲ್ಲಿ ಮಾತ್ರ ಎನ್‌ಹಾನ್ಸರ್ ತೆಗೆಯಬೇಕು. ಆರ್‌ಎನ್‌ಎಗೆ ಬರುವುದು ಹಿಂದಿನದೊಂದೇ. ರೋಗಿಯ ಕೋಶದಲ್ಲಿ ಆರ್‌ಎನ್‌ಎ ಡಿಎನ್‌ಎ ಆಗುವಾಗ ಆ ಮೊಂಡು ಯು3ಯೇ ಎರಡೂ ತುದಿಗೆ ನಕಲಾಗುತ್ತದೆ. ವೈರಸ್ಸಿನ ಉಪಾಯ ಅದರ ಕೈಯನ್ನೇ ಕಟ್ಟುತ್ತದೆ. ಈ ವಿನ್ಯಾಸವನ್ನು 1986ರಷ್ಟು ಹಿಂದೆಯೇ ಮಾಡಿ ತೋರಿಸಿದ್ದರು. ಒಳಗಿಟ್ಟ ಜೀನನ್ನು ಓದಿಸಲು ಮಾನವ ಕೋಶದ್ದೇ ಸೌಮ್ಯ ಪ್ರೊಮೋಟರ್ ಸೇರಿಸಿದ ಇಂಥ ವಾಹಕವನ್ನು ಅದೇ ಕಾಯಿಲೆಯ ಒಂಬತ್ತು ಮಕ್ಕಳಿಗೆ ಕೊಟ್ಟ ವರದಿ 2014ರಲ್ಲಿ ಬಂತು. ಒಂದು ಮಗು ಮೊದಲೇ ಇದ್ದ ಅಡೆನೋವೈರಸ್ ಸೋಂಕಿನಿಂದ ತೀರಿಕೊಂಡಿತ್ತು. ಉಳಿದ ಎಂಟರಲ್ಲಿ ಏಳು ಮಕ್ಕಳಿಗೆ ಟಿ ಕೋಶಗಳು ಮೂಡಿದ್ದವು. ವರದಿಯ ಹೊತ್ತಿಗೆ ಅವರಲ್ಲಿ ಯಾರಿಗೂ ಲ್ಯುಕೀಮಿಯಾ ಬಂದಿರಲಿಲ್ಲ.